ಹಸುಗೂಸು ತೊಟ್ಟಿಲಲ್ಲಿ, ವಾಯಿದೆ ಕೋರ್ಟಿನಲ್ಲಿ: ವಕೀಲಿಕೆಗೆ ಮರಳುವ ತಾಯಂದಿರಿಗೆ ಸಮಗ್ರ ಮಾರ್ಗದರ್ಶಿ

ಬಾಣಂತನ ಮುಗಿಸಿ ಕೋರ್ಟಿಗೆ ಮರಳುವ ವಕೀಲೆಯರಲ್ಲಿ ಬಹಳ ಮಂದಿ ಎಡವುವುದು ಒಂದೇ ಜಾಗದಲ್ಲಿ. ಆಯಾ ಸಿಕ್ಕಳು, ಅತ್ತೆ ಒಪ್ಪಿದರು, ಇನ್ನೇನು ಹೊರಡಬಹುದು ಎಂದುಕೊಳ್ಳುತ್ತಾರೆ. ಮೊದಲ ವಾರ ಸಲೀಸಾಗಿ ಕಳೆಯುತ್ತದೆ. ಎರಡನೇ ವಾರ, ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಇಟ್ಟ ದಿನವೇ ಮಗುವಿಗೆ ಜ್ವರ ಬರುತ್ತದೆ. ಆ ಕೇಸಿನ ಕಡತ ಗೊತ್ತಿರುವವರು ಬೇರೆ ಯಾರೂ ಇಲ್ಲ, ವಕಾಲತ್ತಿನಲ್ಲಿ (ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಎರಡನೇ ಹೆಸರಿಲ್ಲ, ಕೇಸು ಕೂಗಿದಾಗ ಎದ್ದು ನಿಲ್ಲುವವರಿಲ್ಲ. ಹೀಗೆ ಎರಡು ಮೂರು ಸಲ ಆದರೆ ಕಕ್ಷಿದಾರರು ಕಡತ ವಾಪಸ್ ಕೇಳುತ್ತಾರೆ.

ಇಲ್ಲಿ ತಪ್ಪುತ್ತಿರುವುದು ಕೆಲಸದ ಕ್ರಮ. ಮಗುವಿನ ವ್ಯವಸ್ಥೆಗಿಂತ ಮೊದಲು ಕಡತಗಳ ವ್ಯವಸ್ಥೆ ಆಗಬೇಕು. ಮನೆಯಲ್ಲೂ ಕೋರ್ಟಿನಲ್ಲೂ ನಿಮ್ಮ ಜಾಗದಲ್ಲಿ ನಿಲ್ಲಬಲ್ಲ ಎರಡನೇ ವ್ಯಕ್ತಿ ಇರಬೇಕು. ಇವೆರಡರಲ್ಲಿ ಒಂದು ಕಡೆ ಮಾತ್ರ ಏರ್ಪಾಡಾಗಿದ್ದರೂ ಸಾಲದು.

ಈ ಮಾರ್ಗದರ್ಶಿ ಕರ್ನಾಟಕದ ವಿಚಾರಣಾ ನ್ಯಾಯಾಲಯಗಳಲ್ಲಿ ಮತ್ತು ಹೈಕೋರ್ಟಿನಲ್ಲಿ ವಕೀಲಿಕೆ ಮಾಡುವ, ಒಂದು ವರ್ಷದೊಳಗಿನ ಮಗುವಿರುವ ತಾಯಂದಿರಿಗಾಗಿ. ಗರ್ಭಿಣಿಯಾಗಿದ್ದರೆ ಏಳನೇ ತಿಂಗಳಲ್ಲೇ ಹಂತ 1ರಿಂದ ಆರಂಭಿಸಿ. ಹೆರಿಗೆ ಆಗಿಹೋಗಿದ್ದರೆ, ಕೋರ್ಟಿಗೆ ಮರಳುವ ದಿನಕ್ಕೆ ಕನಿಷ್ಠ 8 ವಾರ ಮುಂಚೆ ಆರಂಭಿಸಿ.

ಬೇಕಾಗುವ ಸಾಮಾನು

ಕಚೇರಿಗೆ: ಒಂದು ಕಾಗದದ ಡೈರಿ, ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ (ಕೇಸುಗಳ ಸ್ಥಿತಿ, ದಿನಾಂಕ ತೋರಿಸುವ ಸರ್ಕಾರಿ ಆ್ಯಪ್), ಸಹವಕೀಲರ ಜೊತೆ ಹಂಚಿಕೊಂಡ ಆನ್‌ಲೈನ್ ಫೋಲ್ಡರ್, ಕಡತಗಳನ್ನು ಸ್ಕ್ಯಾನ್ ಮಾಡಲು ಯಾವುದಾದರೂ ಸಾಧನ. ಆ್ಯಪ್‌ನ ‘ಮೈ ಕೇಸಸ್’ ವಿಭಾಗಕ್ಕೆ ನಿಮ್ಮ ಎಲ್ಲ ಕೇಸುಗಳನ್ನೂ ಸೇರಿಸಿ, ಅದೇ ಪಟ್ಟಿಯನ್ನು ಸಹವಕೀಲರ ಮೊಬೈಲಿಗೂ ಹಾಕಿಕೊಡಿ.

ಮಗುವಿಗೆ: ಬ್ಯಾಟರಿಯ ಅಥವಾ ಕೈಯಿಂದ ಒತ್ತುವ ಬ್ರೆಸ್ಟ್ ಪಂಪ್ (ಬಾರ್ ಅಸೋಸಿಯೇಷನ್ ಕೊಠಡಿಯಲ್ಲಿ ಪ್ಲಗ್ ಪಾಯಿಂಟ್ ಖಾಲಿ ಸಿಗುತ್ತದೆಂದು ನಂಬಬೇಡಿ), 150 ಮಿ.ಲೀ. ಹಿಡಿಯುವ ಮುಚ್ಚಳದ ಸೀಸೆಗಳು ನಾಲ್ಕು, ತಂಪು ಚೀಲ, ಎರಡು ಐಸ್ ಪ್ಯಾಕ್, ಒಳಲೆ ಅಥವಾ ಸಣ್ಣ ಲೋಟ, ಡಿಜಿಟಲ್ ಥರ್ಮಾಮೀಟರ್.

ಹಂತ 1: ಕಾನೂನಿನಲ್ಲಿ ನಿಮ್ಮ ಸ್ಥಾನ ಯಾವುದು ಎಂದು ತಿಳಿಯಿರಿ

ಸಂಬಳದ ನೌಕರಿಯಲ್ಲಿದ್ದರೆ, ಅಂದರೆ ಕಂಪನಿಯ ಕಾನೂನು ವಿಭಾಗದಲ್ಲಿ ಅಥವಾ ನೇಮಕಾತಿ ಪತ್ರ ಕೊಟ್ಟ ಲಾ ಫರ್ಮಿನಲ್ಲಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ನಿಮ್ಮ ಹಕ್ಕು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು. ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ವಿರಾಮ ಇದೆ.

ಸ್ವತಂತ್ರ ವಕೀಲರಿಗೆ ಇದ್ಯಾವುದೂ ಇಲ್ಲ. ಸೀನಿಯರ್ ಕಚೇರಿಯಲ್ಲಿರುವ ಜೂನಿಯರ್‌ಗೂ ಸಾಮಾನ್ಯವಾಗಿ ಇಲ್ಲ. ಎರಡರ ನಡುವೆ ಸಿಕ್ಕಿಕೊಳ್ಳುವವರು ಲಾ ಫರ್ಮಿನಲ್ಲಿ ‘ರಿಟೇನರ್’ ಆಗಿರುವವರು. ಪ್ರತಿ ತಿಂಗಳೂ ಹಣ ಬರುತ್ತದೆ, ಆದರೆ ವೃತ್ತಿ ಶುಲ್ಕದ ಲೆಕ್ಕದಲ್ಲಿ ತೆರಿಗೆ ಹಿಡಿಯುತ್ತಾರೆ, ಭವಿಷ್ಯನಿಧಿ ಇರುವುದಿಲ್ಲ. ಹಾಗಿದ್ದರೆ ನಿಮ್ಮನ್ನು ನೌಕರರೆಂದು ಪರಿಗಣಿಸಿಲ್ಲ ಎಂದು ತಿಳಿದು, ರಜೆಯ ಅವಧಿ, ಆ ಅವಧಿಯ ಹಣ, ಮರಳಿದ ಮೇಲಿನ ಸಮಯ, ಈ ಮೂರನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ‘ನೋಡೋಣ ಬಿಡಮ್ಮ’ ಎಂಬ ಬಾಯಿಮಾತಿಗೆ ಆರು ತಿಂಗಳ ನಂತರ ಬೆಲೆ ಇರುವುದಿಲ್ಲ.

ಸ್ವತಂತ್ರ ವಕೀಲರು ಗುಮಾಸ್ತರ ಸಂಬಳ ಮತ್ತು ಕಚೇರಿ ಬಾಡಿಗೆಗೆ ನಾಲ್ಕೈದು ತಿಂಗಳ ಹಣವನ್ನು ಬೇರೆಯಾಗಿ ಎತ್ತಿಡಬೇಕು. ಗುಮಾಸ್ತರನ್ನು ಮಾತ್ರ ಬಿಟ್ಟುಕೊಡಬೇಡಿ. ನೀವಿಲ್ಲದ ದಿನಗಳಲ್ಲಿ ನಕಲು ಅರ್ಜಿ ಹಾಕುವುದು, ಮುಂದಿನ ವಾಯಿದೆ (ಕೇಸಿನ ಮುಂದಿನ ದಿನಾಂಕ) ಬರೆದುಕೊಳ್ಳುವುದು ಅವರೇ.

ಹಂತ 2: ಕಡತಗಳನ್ನು ನಾಲ್ಕು ರಾಶಿ ಮಾಡಿ

ಒಂದು ದಿನ ಪೂರ್ತಿ ಇದಕ್ಕೇ ಇಡಿ. ಪ್ರತಿ ಕಡತವನ್ನೂ ತೆರೆದು ನೋಡಿ. ಡೈರಿಯಲ್ಲಿ ಬರೆದ ಹಂತಕ್ಕೂ ಕಡತದಲ್ಲಿರುವ ಹಂತಕ್ಕೂ ಎಷ್ಟೋ ಸಲ ತಾಳೆ ಇರುವುದಿಲ್ಲ.

ಮೊದಲ ರಾಶಿ, ಕಾಲಮಿತಿ ಓಡುತ್ತಿರುವವು. ಇವೇ ಎಲ್ಲಕ್ಕಿಂತ ಅಪಾಯದ ಕಡತಗಳು. ಸಮನ್ಸ್ ತಲುಪಿದ 30 ದಿನದೊಳಗೆ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿಯ ಉತ್ತರ) ಹಾಕಬೇಕು. ಕೋರ್ಟು ಕಾರಣ ದಾಖಲಿಸಿ 90 ದಿನದವರೆಗೆ ಅವಕಾಶ ಕೊಡಬಹುದು. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿದರೆ ಬಾಗಿಲು ಮುಚ್ಚಿದಂತೆಯೇ. ಚೆಕ್ ಬೌನ್ಸ್ ಪ್ರಕರಣದಲ್ಲಿ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ಅದು ತಲುಪಿದ ಮೇಲೆ 15 ದಿನ ಕಾಯಬೇಕು, ಆಮೇಲೆ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಸಿವಿಲ್ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯದಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನ. ಪಕ್ಷಕಾರ ತೀರಿಕೊಂಡಿದ್ದರೆ ವಾರಸುದಾರರನ್ನು ಸೇರಿಸಲು 90 ದಿನ. ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮೊದಲೇ ಹಾಕಿಡುವ ಅರ್ಜಿ) 90 ದಿನಕ್ಕೆ ಮುಗಿಯುತ್ತದೆ. ರಜೆಯ ಅವಧಿಯಲ್ಲಿ ಕೈತಪ್ಪುವುದು ಹೆಚ್ಚಾಗಿ ಈ ಕೊನೆಯ ಎರಡು. ವಾರಸುದಾರರ ವಿಷಯ ಕಕ್ಷಿದಾರರು ಫೋನಿನಲ್ಲಿ ಹೇಳಿರುತ್ತಾರೆ, ಕೇವಿಯಟ್ ಯಾವ ಕಾಸ್ ಲಿಸ್ಟಿನಲ್ಲೂ (ಕೋರ್ಟಿನ ಆ ದಿನದ ಕೇಸುಗಳ ಪಟ್ಟಿ) ಬರುವುದಿಲ್ಲ. ಈ ರಾಶಿಯಲ್ಲಿ ಬರೆದು ಮುಗಿಸಬಹುದಾದ್ದನ್ನೆಲ್ಲ ಹೆರಿಗೆಗೆ ಮುಂಚೆಯೇ ಬರೆದು ದಾಖಲು ಮಾಡಿ.

ಎರಡನೇ ರಾಶಿ, ಸಾಕ್ಷ್ಯದ ಹಂತದವು. ನಿಮ್ಮ ಕಡೆಯ ಸಾಕ್ಷಿಯ ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲೇ ಆಗುವುದರಿಂದ ಅದನ್ನು ಮೊದಲೇ ಸಿದ್ಧಮಾಡಿ ಇಡಬಹುದು. ಪಾಟೀ ಸವಾಲನ್ನು ಹಾಗೆ ಮಾಡಲಾಗದು. ಅದಕ್ಕೆ ಪ್ರಶ್ನೆಗಳ ಪಟ್ಟಿಯನ್ನಾದರೂ ಬರೆದಿಡಿ. ದೊಡ್ಡ ದಾವೆಗಳಲ್ಲಿ ಪಾಟೀ ಸವಾಲನ್ನು ಕಮಿಷನರ್ ಮುಂದೆ ನಡೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 4ನೇ ನಿಯಮದಲ್ಲಿ ಅವಕಾಶವಿದೆ. ಖರ್ಚಿದೆ, ಆದರೆ ವೇಳೆಯನ್ನು ಎರಡೂ ಕಡೆಯವರು ಕೂಡಿ ನಿಗದಿ ಮಾಡಿಕೊಳ್ಳಬಹುದು. ಚಿಕ್ಕ ಮಗುವಿರುವ ವಕೀಲೆಗೆ ಇದರಷ್ಟು ಉಪಯೋಗದ ದಾರಿ ಇನ್ನೊಂದಿಲ್ಲ, ಬಳಸುವವರು ಮಾತ್ರ ಕಡಿಮೆ.

ಮೂರನೇ ರಾಶಿ, ವಾದಕ್ಕೆ ಇರುವವು. ಲಿಖಿತ ವಾದ ಬರೆದಿಡಿ.

ನಾಲ್ಕನೆಯದು, ಸುಮ್ಮನೆ ವಾಯಿದೆ ಬೀಳುತ್ತಿರುವವು: ಸಮನ್ಸ್ ಮರಳಿಲ್ಲ, ಕೆಳಗಿನ ಕೋರ್ಟಿನ ದಾಖಲೆ ಬಂದಿಲ್ಲ, ಇತ್ಯಾದಿ. ಇವಕ್ಕೆ ಗುಮಾಸ್ತರು ಮತ್ತು ಒಬ್ಬ ಜೂನಿಯರ್ ಸಾಕು.

ಹಂತ 3: ವಕಾಲತ್ತಿಗೆ ಎರಡನೇ ಹೆಸರು ಸೇರಿಸಿ

ಈ ಹಂತ ಬಿಟ್ಟರೆ ಉಳಿದವೆಲ್ಲ ಸಡಿಲವಾಗುತ್ತವೆ.

‘ನನ್ನ ಗೆಳತಿ ಇದ್ದಾಳೆ, ನಿಂತು ವಾಯಿದೆ ಕೇಳುತ್ತಾಳೆ’ ಎಂದು ಬಹಳ ಮಂದಿ ನೆಚ್ಚಿಕೊಂಡಿರುತ್ತಾರೆ. ನೀವು ಹೇಳಿ ಕಳಿಸಿದ ವಕೀಲರು ನಿಮ್ಮ ಪರವಾಗಿ ಕೋರ್ಟಿನಲ್ಲಿ ಮಾತನಾಡಬಹುದು, ಅದು ಸರಿಯೇ. ಆದರೆ ವಕಾಲತ್ತು ಇಲ್ಲದೆ ಅವರು ಅರ್ಜಿಗೆ ಸಹಿ ಹಾಕಿ ದಾಖಲು ಮಾಡಲಾಗದು, ರಾಜಿ ಅರ್ಜಿಗೆ ಸಹಿ ಹಾಕಲಾಗದು. ನ್ಯಾಯಾಧೀಶರು ‘ಈಗಲೇ ಅರ್ಜಿ ಹಾಕಿ’ ಎಂದ ದಿನ ಗೆಳತಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇನ್ನೂ ಗಟ್ಟಿ ಕಾರಣವೊಂದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ 1ನೇ ನಿಯಮದ ಪ್ರಕಾರ ದಾವೆಯ ವಿಚಾರಣೆ ನಡೆಯುವಾಗ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡುವಂತಿಲ್ಲ, ಅಂದರೆ ವಿಚಾರಣೆ ಮುಂದೂಡುವಂತಿಲ್ಲ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಅಲ್ಲ. ವಕೀಲರಿಗೆ ಅನಾರೋಗ್ಯ ಅಥವಾ ಬೇರೆ ಅಡಚಣೆ ಎಂದರೆ, ಪಕ್ಷಕಾರ ಸಕಾಲಕ್ಕೆ ಬೇರೆ ವಕೀಲರನ್ನು ನೇಮಿಸಿಕೊಳ್ಳಲು ಆಗುತ್ತಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಆಗಬೇಕು. ಹೆರಿಗೆಯ ದಿನ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಎದುರು ವಕೀಲರು ಈ ಒಂದು ಮಾತು ಎತ್ತಿದರೆ ನಿಮ್ಮ ಕಕ್ಷಿದಾರರ ಬಳಿ ಉತ್ತರವಿಲ್ಲ. ಎಷ್ಟೋ ನ್ಯಾಯಾಧೀಶರು ಮನುಷ್ಯತ್ವದಿಂದ ವಾಯಿದೆ ಕೊಡುತ್ತಾರೆ, ನಿಜ. ಅದನ್ನು ನಂಬಿ ಕಕ್ಷಿದಾರರ ಹಕ್ಕನ್ನು ಪಣಕ್ಕಿಡಬಾರದು.

ಮಾಡುವ ಕ್ರಮ ಹೀಗೆ:

1. ನಿಮ್ಮಷ್ಟೇ ಅನುಭವವಿರುವ, ನಿಮ್ಮ ಕೋರ್ಟುಗಳಿಗೇ ಬರುವ ಒಬ್ಬರನ್ನು ಆರಿಸಿ. ತೀರಾ ಹೊಸಬರು ವಾಯಿದೆ ಕೇಳಬಲ್ಲರು, ವಾದ ಮಾಡಲಾರರು. ತೀರಾ ಹಿರಿಯರು ನಿಮ್ಮ ಕೇಸಿಗೆ ಸಮಯ ಕೊಡಲಾರರು.

2. ಎದುರು ಪಕ್ಷಕ್ಕೆ ಅವರು ಹಾಜರಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಅಕ್ಕಪಕ್ಕದ ಊರಿನ ಸಣ್ಣ ಬಾರ್‌ಗಳಲ್ಲಿ ಇದು ಆಗಾಗ ಎದುರಾಗುತ್ತದೆ.

3. ಕಕ್ಷಿದಾರರನ್ನು ಕರೆಸಿ ಅಥವಾ ಫೋನಿನಲ್ಲಿ ಮಾತಾಡಿ ಒಪ್ಪಿಗೆ ಪಡೆಯಿರಿ. ಸಹವಕೀಲರ ಹೆಸರು ಮತ್ತು ನಂಬರ್ ಕೊಟ್ಟು, ಶುಲ್ಕ ಹೆಚ್ಚಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಹಣದ ಸಂಶಯ ಹೋದರೆ ಬಹುತೇಕರು ಒಪ್ಪುತ್ತಾರೆ.

4. ಹೊಸ ಕೇಸುಗಳಲ್ಲಿ ಮೊದಲ ದಿನವೇ ಇಬ್ಬರ ಹೆಸರಿನ ವಕಾಲತ್ತು ಹಾಕಿ. ಹಳೆಯವುಗಳಲ್ಲಿ ನಿಮ್ಮ ಸಮ್ಮತಿಯೊಂದಿಗೆ ಅವರ ವಕಾಲತ್ತು ಹಾಕಿಸಿ. ವಕೀಲರ ಕಲ್ಯಾಣ ನಿಧಿ ಸ್ಟ್ಯಾಂಪ್ ಅಂಟಿಸುವುದು ಮರೆಯಬೇಡಿ, ಕಚೇರಿ ಆಕ್ಷೇಪಣೆ ಹಾಕಿದರೆ ಒಂದು ವಾಯಿದೆ ಅದಕ್ಕೇ ಹೋಗುತ್ತದೆ.

5. ಶುಲ್ಕ ಹಂಚಿಕೆಯನ್ನು ಮೊದಲೇ ಮಾತಾಡಿ. ಹಾಜರಾತಿಗೆ ಇಷ್ಟು, ಪಾಟೀ ಸವಾಲಿಗೆ ಇಷ್ಟು ಎಂದು ಹಂತಕ್ಕೆ ತಕ್ಕಂತೆ. ಸ್ನೇಹದ ಮೇಲೆ ಬಿಟ್ಟ ಲೆಕ್ಕ ಮೂರನೇ ತಿಂಗಳಿಗೆ ಸ್ನೇಹವನ್ನೇ ಕೆಡಿಸುತ್ತದೆ.

6. ಪ್ರತಿ ಕಡತದ ಮೇಲೆ ಒಂದು ಪುಟದ ಟಿಪ್ಪಣಿ ಅಂಟಿಸಿ.

ಆ ಪುಟ ಹೀಗಿರಲಿ: ‘ಆಸ್ತಿ ವಿಭಾಗ ದಾವೆ. ನಾವು ವಾದಿ. ಹಂತ: ಪ್ರತಿವಾದಿಯ ಸಾಕ್ಷ್ಯ. ಈ ವಾಯಿದೆಗೆ ಆಗಬೇಕಾದ್ದು: 1ನೇ ಪ್ರತಿವಾದಿಯ ಪಾಟೀ ಸವಾಲು. ಮುಖ್ಯ ದಾಖಲೆ: ಪಾಲುಪಟ್ಟಿ, ಕಡತದ ಪುಟ 41. ಒಪ್ಪಬಾರದ್ದು: ಐಟಂ 3 ಸ್ವಯಾರ್ಜಿತ ಎಂಬ ಮಾತು. ಅನಿವಾರ್ಯವಾದರೆ ಕೇಳಬಹುದಾದ ವಾಯಿದೆ: ಎರಡು ವಾರ, ಸೋಮವಾರ ಬೇಡ.’ ಇಷ್ಟಿದ್ದರೆ ಸಹವಕೀಲರು ಹತ್ತು ನಿಮಿಷದಲ್ಲಿ ಸಿದ್ಧರಾಗಬಲ್ಲರು.

ಪೂರ್ತಿ ಬಿಟ್ಟುಕೊಡಬೇಕೆನಿಸುವ ಕಡತಗಳೂ ಇರುತ್ತವೆ. ಬಿಡುವುದಾದರೆ ಕಕ್ಷಿದಾರರಿಗೆ ಸಾಕಷ್ಟು ಮುಂಚಿತವಾಗಿ ತಿಳಿಸಬೇಕು, ಕೋರ್ಟಿನ ಅನುಮತಿ ಪಡೆಯಬೇಕು, ಕೆಲಸ ಮಾಡದ ಭಾಗದ ಶುಲ್ಕ ಮರಳಿಸಬೇಕು. ಹೊರಟುಬಂದು ಸುಮ್ಮನಿರುವುದು ವೃತ್ತಿ ದುರ್ನಡತೆಯಾಗುತ್ತದೆ.

ಕ್ರಿಮಿನಲ್ ಕಡೆ ಒಂದು ವಿಶೇಷ ಎಚ್ಚರ: ಚೆಕ್ ಬೌನ್ಸ್ ದೂರಿನಲ್ಲಿ ಫಿರ್ಯಾದಿಯೂ ವಕೀಲರೂ ಇಬ್ಬರೂ ಗೈರಾಗಿ, ಹಾಜರಾಗಲು ಕೋರ್ಟು ಕೊಡುವ 30 ದಿನದ ಅವಕಾಶವೂ ಕೈತಪ್ಪಿದರೆ ಆರೋಪಿ ಖುಲಾಸೆಯಾಗಬಹುದು. ಮ್ಯಾಜಿಸ್ಟ್ರೇಟರು ತಾವೇ ಅದನ್ನು ಮತ್ತೆ ತೆರೆಯಲಾಗದು, ಮೇಲ್ಮನವಿಗೆ ಹೋಗಬೇಕು. ಸಿವಿಲ್ ದಾವೆ ಗೈರುಹಾಜರಿಗಾಗಿ ವಜಾ ಆದರೆ ಮರುಸ್ಥಾಪನೆಗೆ 30 ದಿನ ಸಿಗುತ್ತದೆ. ಇಲ್ಲಿ ಖುಲಾಸೆಯಾದ ಮೇಲೆ ಮರುಸ್ಥಾಪನೆ ಇಲ್ಲ.

ಹಂತ 4: ಮಗುವನ್ನು ನೋಡಿಕೊಳ್ಳುವವರು

ಬಾಣಂತನ ತವರಿನಲ್ಲಿ, ವಕೀಲಿಕೆ ಇನ್ನೊಂದು ಊರಿನಲ್ಲಿ ಆಗಿದ್ದರೆ ಮೊದಲು ಗಮನಿಸಬೇಕಾದ್ದು ಊರು ಬದಲಾವಣೆ. ಮಗು ಅಜ್ಜಿಯ ಕೈಗೆ, ಆ ಮನೆಯ ಸದ್ದಿಗೆ ಹೊಂದಿಕೊಂಡಿರುತ್ತದೆ. ಭಾನುವಾರ ಕರೆತಂದು ಸೋಮವಾರ ಕೋರ್ಟಿಗೆ ಹೊರಟರೆ ಮಗು ಹಾಲು ಬಿಡುತ್ತದೆ, ರಾತ್ರಿ ನಿದ್ದೆಯೂ ಹೋಗುತ್ತದೆ. ಕನಿಷ್ಠ 3 ವಾರ ಮುಂಚೆ ನಿಮ್ಮ ಮನೆಗೆ ಬನ್ನಿ. ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆತನ್ನಿ.

ಅಮ್ಮ ಅಥವಾ ಅತ್ತೆ ನೋಡಿಕೊಳ್ಳುತ್ತಾರೆಂದರೆ ಅದೃಷ್ಟ. ಆದರೂ 60 ದಾಟಿದ, ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವು ಇರುವ ಒಬ್ಬರ ಮೇಲೆ ದಿನಕ್ಕೆ 9 ಗಂಟೆ ಮಗುವನ್ನು ಬಿಡುವುದು ಅವರಿಗೆ ಮಾಡುವ ಅನ್ಯಾಯ. ಬಟ್ಟೆ, ಪಾತ್ರೆ, ಸ್ನಾನಕ್ಕೆ ನೆರವಿನವರನ್ನು ಇಟ್ಟು, ಮಗುವಿನ ಜವಾಬ್ದಾರಿ ಮಾತ್ರ ಹಿರಿಯರಿಗೆ ಕೊಡಿ.

ಆಯಾ ಇಡುವುದಾದರೆ ಎರಡು ವಾರ ಸಂಬಳ ಕೊಟ್ಟು ತರಬೇತಿ ಮಾಡಿಸಿ. ಮೊದಲ ಮೂರು ದಿನ ಆಕೆ ನಿಮ್ಮನ್ನು ನೋಡಲಿ. ಮುಂದಿನ ನಾಲ್ಕು ದಿನ ಆಕೆ ಮಾಡಲಿ, ನೀವು ಪಕ್ಕದ ಕೋಣೆಯಲ್ಲಿರಿ. ಎರಡನೇ ವಾರ ನೀವು ಮನೆಯಿಂದ ಹೊರಗಿರಿ: ಮೊದಲು 2 ಗಂಟೆ, ಆಮೇಲೆ 4, ಆಮೇಲೆ 6. ಗಮನಿಸಬೇಕಾದ್ದು: ಕೈ ತೊಳೆದು ಮಗುವನ್ನು ಮುಟ್ಟುತ್ತಾರೆಯೇ, ಅಂಗಾತ ಮಲಗಿಸುತ್ತಾರೆಯೇ, ಮಲಗಿದ ಮಗುವಿನ ಬಾಯಿಗೆ ಸೀಸೆ ಒರಗಿಸಿಟ್ಟು ಹೋಗುತ್ತಾರೆಯೇ, ಅತ್ತಾಗ ಮೊಬೈಲ್ ತೋರಿಸುತ್ತಾರೆಯೇ. ಗುರುತಿನ ಚೀಟಿಯ ಪ್ರತಿ, ಊರಿನ ವಿಳಾಸ, ಹಿಂದೆ ಕೆಲಸ ಮಾಡಿದ ಮನೆಯವರ ಜೊತೆ ನೇರ ಮಾತು, ಇವು ಕಡ್ಡಾಯ.

ಶಿಶುಪಾಲನಾ ಕೇಂದ್ರವಾದರೆ ಮುಂಚೆ ಹೇಳದೆ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ. ಒಂದು ವರ್ಷದೊಳಗಿನ ಮೂರಕ್ಕಿಂತ ಹೆಚ್ಚು ಮಕ್ಕಳನ್ನು ಒಬ್ಬರೇ ನೋಡುತ್ತಿದ್ದರೆ ಬೇರೆಡೆ ಹುಡುಕಿ. ಮುಚ್ಚುವ ವೇಳೆ ಕೇಳಿಕೊಳ್ಳಿ. ಸಂಜೆ ಕೊನೆಯಲ್ಲಿ ಕೂಗುವ ಕೇಸು ಅವರಿಗಾಗಿ ಕಾಯುವುದಿಲ್ಲ.

ಯಾರೇ ಆಗಲಿ, ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ‘ಆರು ತಿಂಗಳವರೆಗೆ ನೀರು ಬೇಡ, ಬೇಸಿಗೆಯಲ್ಲೂ ಬೇಡ. ಒಂದು ವರ್ಷದವರೆಗೆ ಜೇನುತುಪ್ಪ ಬೇಡ, ಹಸುವಿನ ಹಾಲು ಕುಡಿಸಬೇಡಿ. ಬಜೆ, ಗ್ರೈಪ್ ವಾಟರ್ ಬೇಡ. ಮಲಗಿಸುವಾಗ ದಿಂಬು, ದಪ್ಪ ಹೊದಿಕೆ ಬೇಡ.’ ಹಿರಿಯರಿಗೆ ಇದನ್ನು ಬಾಯಲ್ಲಿ ಹೇಳಿದರೆ ವಾದವಾಗುತ್ತದೆ. ಮಕ್ಕಳ ವೈದ್ಯರ ಬಳಿಗೆ ಅವರನ್ನೂ ಒಮ್ಮೆ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿ, ಆಮೇಲೆ ಹಾಳೆ ಅಂಟಿಸಿ.

ಗಂಡನ ಪಾಲು ‘ಸಹಾಯ’ ಆಗಬಾರದು, ಹೆಸರಿಟ್ಟ ಕೆಲಸ ಆಗಬೇಕು. ಪಾಟೀ ಸವಾಲು ಅಥವಾ ಅಂತಿಮ ವಾದದ ಹಿಂದಿನ ರಾತ್ರಿ 10ರಿಂದ 3ರವರೆಗೆ ಮಗು ಅವರದು, ತೆಗೆದಿಟ್ಟ ಹಾಲು ಅವರೇ ಕುಡಿಸಬೇಕು. ಲಸಿಕೆಯ ಮರುದಿನ ರಜೆ ಅವರದು. ಇದನ್ನು ಡೈರಿಯಲ್ಲಿ ಅವರ ಹೆಸರಿನ ಮುಂದೆ ಬರೆಯಿರಿ.

ಹಂತ 5: ಹಾಲಿನ ಲೆಕ್ಕ

ಒಂದರಿಂದ ಆರು ತಿಂಗಳ ಮಗುವಿಗೆ ತಾಯಿ ಇಲ್ಲದ ಪ್ರತಿ ಗಂಟೆಗೆ ಸುಮಾರು 30ರಿಂದ 45 ಮಿ.ಲೀ. ಎದೆಹಾಲು ಬೇಕು. 9 ಗಂಟೆಗೆ 270ರಿಂದ 400 ಮಿ.ಲೀ. ಆಯಿತು. ಫ್ರೀಜರ್ ತುಂಬ ದಾಸ್ತಾನು ಬೇಕಿಲ್ಲ, ಎರಡು ದಿನಕ್ಕಾಗುವಷ್ಟು ಇದ್ದರೆ ಸಾಕು. ಮರಳುವ ದಿನಕ್ಕೆ 3–4 ವಾರ ಮುಂಚೆ, ಬೆಳಗಿನ ಮೊದಲ ಹಾಲುಣಿಸಿದ ಮೇಲೆ ದಿನಕ್ಕೊಮ್ಮೆ ಪಂಪ್ ಮಾಡಿ, 60 ಮಿ.ಲೀ. ಸೀಸೆಗಳಲ್ಲಿ ದಿನಾಂಕ ಬರೆದು ಇಡಿ. ದೊಡ್ಡ ಸೀಸೆಯಲ್ಲಿಟ್ಟರೆ ಉಳಿದದ್ದು ಚೆಲ್ಲಬೇಕಾಗುತ್ತದೆ.

ತೆಗೆದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಕಲಬುರಗಿ, ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ಆ ಲೆಕ್ಕ ನಡೆಯದು. ತೆಗೆದ ಕೂಡಲೇ ತಂಪು ಚೀಲಕ್ಕೆ ಹೋಗಬೇಕು. ಐಸ್ ಪ್ಯಾಕ್ ಸರಿಯಾಗಿ ಹೆಪ್ಪುಗಟ್ಟಿದ್ದರೆ ಚೀಲದಲ್ಲಿ 24 ಗಂಟೆಯವರೆಗೆ ಇರುತ್ತದೆ. ಫ್ರಿಜ್ಜಿನ ಒಳಭಾಗದಲ್ಲಿ 4 ದಿನ. ಬಾಗಿಲ ಕಪಾಟಿನಲ್ಲಿ ಇಡಬೇಡಿ, ತೆರೆದಾಗಲೆಲ್ಲ ಬಿಸಿ ತಾಗುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಇಡಬೇಡಿ. ಕರಗಿಸಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಿ, ಮತ್ತೆ ಗಟ್ಟಿ ಮಾಡಬೇಡಿ. ಮಗು ಕುಡಿದು ಉಳಿಸಿದ್ದು 2 ಗಂಟೆಯ ಮೇಲೆ ಚೆಲ್ಲಿ.

ಇಲ್ಲಿ ಆಗುವ ತಪ್ಪುಗಳು: ಹೊಸದಾಗಿ ತೆಗೆದ ಬೆಚ್ಚನೆ ಹಾಲನ್ನು ತಣ್ಣಗಿನ ಹಾಲಿರುವ ಸೀಸೆಗೆ ಸುರಿಯುವುದು, ಗ್ಯಾಸ್ ಮೇಲಿಟ್ಟು ಕಾಯಿಸುವುದು, ಮೈಕ್ರೊವೇವ್‌ನಲ್ಲಿಡುವುದು. ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಸೀಸೆ ನಿಲ್ಲಿಸಿದರೆ ಸಾಕು.

ಕುಡಿಸಲು ಒಳಲೆ ಅಥವಾ ಸಣ್ಣ ಲೋಟ ಉತ್ತಮ, ತೊಳೆದು ಕುದಿಸುವುದು ಸುಲಭ. ಮರಳುವ ದಿನಕ್ಕೆ 2–3 ವಾರ ಮುಂಚೆ ದಿನಕ್ಕೊಮ್ಮೆ ಅಭ್ಯಾಸ ಮಾಡಿಸಿ. ನೀವೇ ಕುಡಿಸಲು ಹೋಗಬೇಡಿ. ಅಮ್ಮನ ವಾಸನೆ ಮೂಗಿಗೆ ಬಡಿದರೆ ಮಗು ಒಳಲೆಗೆ ಬಾಯಿ ತೆರೆಯುವುದಿಲ್ಲ. ನೋಡಿಕೊಳ್ಳುವವರು ಕುಡಿಸಲಿ, ನೀವು ಮನೆಯ ಹೊರಗಿರಿ. ತಲೆ ಎತ್ತಿ ಹಿಡಿದು, ತುಟಿಯಂಚಿಗೆ ತಾಗಿಸಿ, ಮಗು ನುಂಗುವ ವೇಗಕ್ಕೇ ಬಗ್ಗಿಸಬೇಕು. ಗಂಟಲಿಗೆ ಸುರಿದರೆ ನೆತ್ತಿಗೇರುತ್ತದೆ.

ಆರು ತಿಂಗಳ ನಂತರ ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ-ಬೇಳೆ ದಿನಕ್ಕೆ 2–3 ಸಲ ಸೇರಿದಂತೆ ಹಗಲಿನ ಹಾಲಿನ ಭಾರ ಕಡಿಮೆಯಾಗುತ್ತದೆ.

ಹಂತ 6: ಮರಳುವ ದಿನ ಆರಿಸಿ

ಕೋರ್ಟಿನ ರಜೆಗೆ ಎರಡು ವಾರ ಮುಂಚೆ ಮರಳಿ. ಬೇಸಿಗೆ ರಜೆ, ದಸರಾ ರಜೆ, ಡಿಸೆಂಬರ್ ಕೊನೆಯ ರಜೆ, ಯಾವುದು ಹತ್ತಿರವೋ ಅದು. ಎರಡು ವಾರದಲ್ಲಿ ವ್ಯವಸ್ಥೆಯ ಎಲ್ಲ ತೂತುಗಳೂ ಕಾಣಿಸಿಕೊಳ್ಳುತ್ತವೆ, ರಜೆಯಲ್ಲಿ ಸರಿಪಡಿಸಬಹುದು. ರಜೆ ಮುಗಿದ ಮೊದಲ ದಿನ ಮರಳುವುದು ಕೆಟ್ಟ ಆಯ್ಕೆ. ಅಂದು ಕಾಸ್ ಲಿಸ್ಟೂ ಉದ್ದ, ಕಕ್ಷಿದಾರರ ಸಾಲೂ ಉದ್ದ.

ಮೊದಲ ವಾರ ಮಧ್ಯಾಹ್ನದವರೆಗೆ ಮಾತ್ರ, ನಾಲ್ಕನೇ ರಾಶಿಯ ಕೇಸುಗಳು. ಎರಡನೇ ವಾರ ಎರಡು ಪೂರ್ತಿ ದಿನ. ಮೂರನೇ ವಾರದಿಂದ ವಾದ. ಪಾಟೀ ಸವಾಲು ನಾಲ್ಕನೇ ವಾರಕ್ಕಿಂತ ಮುಂಚೆ ಬೇಡ.

ಹಂತ 7: ಕೋರ್ಟಿನ ದಿನ

ಹಿಂದಿನ ರಾತ್ರಿ: ಐಸ್ ಪ್ಯಾಕ್ ಫ್ರೀಜರಿಗೆ, ಕಾಸ್ ಲಿಸ್ಟ್ ನೋಡಿ ಕ್ರಮಸಂಖ್ಯೆ ಬರೆದುಕೊಳ್ಳಿ, ಎರಡು ಕೋರ್ಟಿನಲ್ಲಿ ಒಟ್ಟಿಗೆ ಬರುವಂತಿದ್ದರೆ ಒಂದನ್ನು ಆಗಲೇ ಸಹವಕೀಲರಿಗೆ ಒಪ್ಪಿಸಿ.

ಉಡುಪು: ಮುಂದೆ ಗುಂಡಿ ಇರುವ ಬಿಳಿ ಕುರ್ತಾ ಅಥವಾ ರವಿಕೆ ಪಂಪ್ ಮಾಡಲು ಅನುಕೂಲ. ಹತ್ತಿಯ ಪ್ಯಾಡ್ ಜೊತೆಗೆ ಇನ್ನೊಂದು ಬಿಳಿ ಮೇಲುಡುಪು ಚೀಲದಲ್ಲಿರಲಿ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ಬಿಟ್ಟು ಉಳಿದೆಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ, ಗೌನ್ ಕೂಡ ಐಚ್ಛಿಕ. ಈ ಸಡಿಲಿಕೆಯನ್ನು ಬಳಸಿಕೊಳ್ಳಿ.

ಹೊರಡುವ ಹತ್ತು ನಿಮಿಷ ಮುಂಚೆ ಹಾಲುಣಿಸಿ. ಆರು ತಿಂಗಳೊಳಗಿನ ಮಗುವಾದರೆ ಮೂರು ಗಂಟೆಗೊಮ್ಮೆ ಹಾಲು ತೆಗೆಯಬೇಕು: ಕೋರ್ಟು ಕೂಡುವ ಮುನ್ನ ಅಥವಾ ಹನ್ನೆರಡರ ಸುಮಾರಿಗೆ ಒಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ ಮತ್ತೊಮ್ಮೆ. ಪ್ರತಿ ಸಲ 15–20 ನಿಮಿಷ. ಮಹಿಳಾ ವಕೀಲರ ಕೊಠಡಿಯಲ್ಲಿ ಮರೆಯಾದ ಜಾಗವಿಲ್ಲದಿದ್ದರೆ ಒಂದು ಪರದೆಗಾಗಿ ಬಾರ್ ಅಸೋಸಿಯೇಷನ್‌ಗೆ ನಾಲ್ಕೈದು ಸಹಿಯ ಮನವಿ ಕೊಡಿ. ಖರ್ಚು ಸಣ್ಣದು, ಹಿಂದೆ ಬರುವವರಿಗೂ ಆಗುತ್ತದೆ. ‘ಕೇಸು ಮುಗಿಯಲಿ’ ಎಂದು ಆರು ಗಂಟೆ ತಡೆದುಕೊಂಡರೆ ಮೊದಲು ಗಂಟು ಕಟ್ಟುತ್ತದೆ, ಆಮೇಲೆ ಹಾಲೇ ಕಡಿಮೆಯಾಗುತ್ತದೆ.

ಹೈಕೋರ್ಟಿನಲ್ಲಿ ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಸಾಧ್ಯವಿರುವ ದಿನ ಅದನ್ನು ಬಳಸಿ. ಮನೆಯಲ್ಲೇ ಇದ್ದರೂ ಬಾಗಿಲು ಹಾಕಿದ ಕೋಣೆ, ಬ್ಯಾಂಡ್ ಮತ್ತು ಗೌನ್, ಹಾಗೂ ಮಗುವನ್ನು ನೋಡುವ ಇನ್ನೊಬ್ಬರು ಬೇಕೇ ಬೇಕು. ತೊಡೆಯ ಮೇಲೆ ಮಗು ಇಟ್ಟುಕೊಂಡು ವಾದ ಮಾಡುತ್ತೇನೆಂಬ ಲೆಕ್ಕ ಇಟ್ಟುಕೊಳ್ಳಬೇಡಿ.

ನಿಜವಾಗಿ ದಿನವನ್ನು ನುಂಗುವುದು ಕೋರ್ಟಲ್ಲ, ಸಂಜೆಯ ಕಚೇರಿ. ಆರರಿಂದ ಒಂಬತ್ತರವರೆಗೆ ಕಕ್ಷಿದಾರರನ್ನು ನೋಡುವ ಪದ್ಧತಿ ಮಗುವಿನ ಸ್ನಾನ, ಹಾಲು, ನಿದ್ದೆಯ ಹೊತ್ತಿಗೇ ಸರಿಯಾಗಿ ಬೀಳುತ್ತದೆ. ವಾರದಲ್ಲಿ ಎರಡು ಸಂಜೆ ಮತ್ತು ಶನಿವಾರ ಮಧ್ಯಾಹ್ನ ಮಾತ್ರ ಭೇಟಿ ಎಂದು ಬೋರ್ಡು ಹಾಕಿ. ಉಳಿದ ದಿನ ಮಗು ಮಲಗಿದ ಮೇಲೆ ಮುಕ್ಕಾಲು ಗಂಟೆ ಫೋನ್ ವೇಳೆ. ಕಕ್ಷಿದಾರರು ಓಡಿಹೋಗುತ್ತಾರೆಂಬ ಭಯ ಸಹಜ. ಮುಂದಿನ ವಾಯಿದೆ ಮತ್ತು ಅಂದು ಏನಾಯಿತು ಎಂಬುದನ್ನು ಅದೇ ಸಂಜೆ ಎರಡು ಸಾಲಿನ ಸಂದೇಶದಲ್ಲಿ ಕಳಿಸುತ್ತಿದ್ದರೆ ಅರ್ಧದಷ್ಟು ಭೇಟಿಗಳ ಅಗತ್ಯವೇ ಬೀಳದು.

ಹಂತ 8: ಮಗುವಿಗೆ ಹುಷಾರಿಲ್ಲದ ಬೆಳಿಗ್ಗೆ

ಇದು ಬಂದೇ ಬರುತ್ತದೆ. 6, 10, 14ನೇ ವಾರದ ಮತ್ತು 9 ತಿಂಗಳ ಲಸಿಕೆಗಳ ದಿನ ಡೈರಿಯಲ್ಲಿ ಮೊದಲೇ ಕೆಂಪು ಶಾಯಿಯಲ್ಲಿರಲಿ. ಲಸಿಕೆಯ ದಿನಕ್ಕೂ ಮರುದಿನಕ್ಕೂ ಸಾಕ್ಷ್ಯ ಇಟ್ಟುಕೊಳ್ಳಬೇಡಿ. ಅನಿರೀಕ್ಷಿತ ಜ್ವರಕ್ಕೆ ಕ್ರಮ ಹೀಗೆ:

1. ಬೆಳಿಗ್ಗೆ 7ಕ್ಕೆ ಜ್ವರ ನೋಡಿ, ಯಾರು ಮನೆಯಲ್ಲಿರುವುದು ಎಂದು ಆಗಲೇ ತೀರ್ಮಾನಿಸಿ. ಅಂದು ಪಾಟೀ ಸವಾಲಿದ್ದರೆ ಗಂಡ, ಇಲ್ಲದಿದ್ದರೆ ನೀವು ಎಂಬ ನಿಯಮ ಮೊದಲೇ ಇದ್ದರೆ ಜಗಳವಿಲ್ಲ.
2. 8ಕ್ಕೆ ಸಹವಕೀಲರಿಗೆ ಪಟ್ಟಿ: ಕೋರ್ಟು ಹಾಲ್, ಕ್ರಮಸಂಖ್ಯೆ, ಏನಾಗಬೇಕು.
3. 9ಕ್ಕೆ ಎದುರು ವಕೀಲರಿಗೆ ಫೋನ್. ಅವರ ಸಾಕ್ಷಿ ದೂರದಿಂದ ಬಸ್ ಹತ್ತುವ ಮುಂಚೆ ತಿಳಿಸಿದರೆ ಆಕ್ಷೇಪ ಬರುವುದು ಕಡಿಮೆ.
4. ನಿಮ್ಮ ಕಕ್ಷಿದಾರರಿಗೆ ನೀವೇ ತಿಳಿಸಿ. ಕೋರ್ಟಿಗೆ ಬಂದು ಬೇರೆಯವರನ್ನು ನೋಡಿ ಅವರು ಗಾಬರಿಯಾಗಬಾರದು.
5. ಕೋರ್ಟಿನಲ್ಲಿ ಇದ್ದ ಕಾರಣ ಇದ್ದಂತೆ ಹೇಳಿಸಿ. ‘ಮೇಡಂ ಬೇರೆ ಕೋರ್ಟಿನಲ್ಲಿದ್ದಾರೆ’ ಎಂದರೆ ಅದು ಸುಳ್ಳು, ಮೇಲಾಗಿ ಕಾನೂನಿನಲ್ಲಿ ಕಾರಣವೂ ಅಲ್ಲ.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರವಿದ್ದರೆ ಈ ಪಟ್ಟಿಯೆಲ್ಲ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಸಹವಕೀಲರಿಗೆ ದಾರಿಯಿಂದ ಒಂದು ಸಂದೇಶ ಸಾಕು.

ಎಚ್ಚರಿಕೆಯ ಸೂಚನೆಗಳು

ಮಗುವಿನಲ್ಲಿ: ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ, ತೂಕ ಏರದಿರುವುದು, ಇಡೀ ಹಗಲು ಅಸಹಜವಾಗಿ ಮಂಪರು. ಕೊನೆಯದಾದರೆ ಅಂದೇ ವೈದ್ಯರಲ್ಲಿಗೆ ಹೋಗಿ. ನೋಡಿಕೊಳ್ಳುವವರು ಏನು ಕೊಟ್ಟಿದ್ದಾರೆಂದೂ ವಿಚಾರಿಸಿ.

ನಿಮ್ಮಲ್ಲಿ: ಎದೆಯಲ್ಲಿ ಕೆಂಪಾದ ಗಟ್ಟಿ ಭಾಗದ ಜೊತೆ ಜ್ವರ, ಚಳಿ ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಎರಡು ವಾರ ಮೀರಿ ಅಳು, ಮಗು ಮಲಗಿದರೂ ನಿದ್ದೆ ಬಾರದಿರುವುದು, ಮಗುವಿನ ಬಗ್ಗೆ ಏನೂ ಅನಿಸದಿರುವುದು ದಣಿವಿನ ಲಕ್ಷಣ ಮಾತ್ರವಲ್ಲ. ಪ್ರಸವಾನಂತರದ ಖಿನ್ನತೆಗೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸ್ವಂತಕ್ಕೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಸುಳಿದರೆ ಮನೆಯವರಿಗೆ ಆ ಕ್ಷಣವೇ ಹೇಳಿ, ಒಬ್ಬರೇ ಇರಬೇಡಿ.

ಕಚೇರಿಯಲ್ಲಿ: ಡೈರಿಯಲ್ಲಿ ಮುಂದಿನ ವಾಯಿದೆ ಬರೆಯದ ಕೇಸು ಎರಡು ಕಂಡರೆ, ಒಂದೇ ದಾವೆಯಲ್ಲಿ ನಿಮ್ಮ ಕಡೆಯಿಂದಲೇ ಎರಡನೇ ವಾಯಿದೆ ಆಗಿದ್ದರೆ, ಕಾಲಮಿತಿಯ ಕೊನೆಯ ದಿನ ಬರವಣಿಗೆ ಮುಗಿಸುತ್ತಿದ್ದರೆ, ಹೊಸ ಕೇಸು ತೆಗೆದುಕೊಳ್ಳುವುದನ್ನು ಆ ತಿಂಗಳು ನಿಲ್ಲಿಸಿ. ಇ-ಕೋರ್ಟ್ಸ್ ಪಟ್ಟಿಯನ್ನು ಡೈರಿಯ ಜೊತೆ ಪ್ರತಿ ಭಾನುವಾರ ತಾಳೆ ನೋಡಿ.

ಎಂಟು-ಹತ್ತು ತಿಂಗಳಲ್ಲಿ ಮತ್ತೊಂದು ಸುತ್ತು

ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ ಮಗು ನಿಮ್ಮ ಚೀಲ ಕಂಡರೆ ಅಳಲು ಶುರುಮಾಡುತ್ತದೆ. ಅಮ್ಮ ಬೇರೆ, ಉಳಿದವರು ಬೇರೆ ಎಂದು ಅದಕ್ಕೆ ತಿಳಿದಿದೆ, ಬೆಳವಣಿಗೆಯ ಲಕ್ಷಣವದು. ಈ ಸಮಯದಲ್ಲಿ ಆಯಾ ಬದಲಿಸಬೇಡಿ, ಕೇಂದ್ರ ಬದಲಿಸಬೇಡಿ. ಕಣ್ಣು ತಪ್ಪಿಸಿ ಹೊರಡಬೇಡಿ, ಅದರಿಂದ ಅಂಟಿಕೊಳ್ಳುವುದು ಹೆಚ್ಚುತ್ತದೆ. ಎತ್ತಿ, ಮುದ್ದಿಸಿ, ‘ಬರ್ತೀನಿ ಪುಟ್ಟ’ ಎಂದು ಹೇಳಿ, ನೋಡಿಕೊಳ್ಳುವವರ ಕೈಗೆ ಕೊಟ್ಟು ಎರಡು ನಿಮಿಷದಲ್ಲಿ ಹೊರಡಿ. ಹತ್ತು ನಿಮಿಷದ ಮೇಲೆ ಮನೆಗೆ ಫೋನ್ ಮಾಡಿ ವಿಚಾರಿಸಿ. ಮಗುವಿನ ಅಳು ಅಷ್ಟರಲ್ಲಿ ನಿಂತಿರುತ್ತದೆ. ಒಂದು ಗಂಟೆ ಕಳೆದರೂ ನಿಲ್ಲುತ್ತಿಲ್ಲ, ಹಲವು ದಿನ ಹೀಗೇ ನಡೆದಿದೆ ಎಂದರೆ ನೋಡಿಕೊಳ್ಳುವವರ ಜೊತೆ ಅರ್ಧ ದಿನ ಕೂತು ಹಂತ 4ರ ಎರಡನೇ ವಾರದ ಅಭ್ಯಾಸವನ್ನು ಮತ್ತೆ ಮೊದಲಿಂದ ಮಾಡಿಸಿ.